ಮರಿ ಕಂಪ್ಯೂಟರ್ ಮತ್ತು ಮಾವನ ಕಿವಿ

ಜೂನ್ 3, ಮಂಗಳವಾರ

ಅಂಗಡಿಯ ಹಳೆಯ ಕಂಪ್ಯೂಟರ್ ಇವತ್ತು ಕಣ್ಣು ಮುಚ್ಚಿತು. ಬೆಳಿಗ್ಗೆ ಗುಂಡಿ ಒತ್ತಿದಾಗ ಡಬ್ಬಿಯಲ್ಲಿ ಕಾಳು ಕುಲುಕಿದಂಥ ಸದ್ದು ಬಂತು, ಆಮೇಲೆ ಅದೂ ನಿಂತಿತು. ಮಹಡಿಯ ಮೇಲೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮೇಡಂ ಇಳಿದು ಬಂದು, ಬಿಚ್ಚಿ, ನಾಡಿ ನೋಡುವವರ ಹಾಗೆ ಅಲ್ಲಿ ಇಲ್ಲಿ ಮುಟ್ಟಿ, "ಡಿಸ್ಕ್ ಹೋಗಿದೆ ಕಣ್ರೀ. ಒಳಗಿದ್ದಿದ್ದನ್ನೆಲ್ಲ ಮರೆತುಬಿಡಿ" ಎಂದರು.

ಮರೆಯುವುದು ಅಷ್ಟು ಸುಲಭವಲ್ಲ. ನಮ್ಮದು ಹಿಯರಿಂಗ್ ಏಡ್ ಅಂಗಡಿ, ಮನೆಯ ಮುಂದಿನ ಕೋಣೆಯಲ್ಲೇ. ಹೊಸ ಏಡ್‌ಗಳನ್ನು ನಾನು ಹೊಸ ಕಂಪ್ಯೂಟರಿನಲ್ಲಿ ಹೊಂದಿಸಿಕೊಡುತ್ತೇನೆ. ಹಳೆಯದನ್ನು ಇಟ್ಟುಕೊಂಡದ್ದು ಒಬ್ಬರೇ ಒಬ್ಬ ಗಿರಾಕಿಗಾಗಿ: ನನ್ನ ಗಂಡನ ಅಪ್ಪ. ಈ ಅಂಗಡಿ ಕಟ್ಟಿದವರೇ ಅವರು. ಬಲಗಿವಿ ಯಾವತ್ತೋ ಕೈಕೊಟ್ಟಿದೆ. ಎಡಗಿವಿಯ ಏಡ್ ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಯಿತು. ಅದನ್ನು ಹೊಂದಿಸುವ ಪ್ರೋಗ್ರಾಂ ಹೊಸ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ.

ಈಚೆಗೆ ಆ ಎಡಗಿವಿಯೂ ಮಂದವಾಗಿದೆ. ಊಟಕ್ಕೆ ಬನ್ನಿ ಎಂದರೆ ತಲೆಯಾಡಿಸಿ ಪೇಪರಿನ ಪುಟ ತಿರುಗಿಸುತ್ತಾರೆ. ಅಂಗಡಿಯಲ್ಲಿರುವ ಹೊಸ ಏಡ್‌ಗಳನ್ನೆಲ್ಲ ಹಾಕಿ ನೋಡಿದ್ದಾಯಿತು. "ತಗಡಿನ ಡಬ್ಬಿಯೊಳಗೆ ಕೂತ ಹಾಗಿದೆ" ಎಂದು ಒಂದೊಂದನ್ನೂ ತೆಗೆದು ಮೇಜಿನ ಮೇಲಿಟ್ಟರು. ಹಠ ಎಂದರೆ ಅವರದು.

ನನ್ನ ಗಂಡ ರಸ್ತೆ ಸರ್ವೆ ಕೆಲಸದಲ್ಲಿದ್ದಾರೆ, ಭಾನುವಾರ ಮಾತ್ರ ಮನೆಗೆ ಬರುತ್ತಾರೆ. ಫೋನಿನಲ್ಲಿ ವಿಷಯ ಹೇಳಿದೆ. "ನಾನಿಲ್ದೇ ಇರೋವಾಗ ನೀವಿಬ್ರೂ ಜಗಳ ಮಾತ್ರ ಆಡ್ಬೇಡಿ" ಎಂದರು. ಜಗಳ ಆಡಬೇಕಾದರೂ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬೇಕಲ್ಲ!

ಜೂನ್ 5, ಗುರುವಾರ

ಮೇಡಂ ಮಧ್ಯಾಹ್ನ ತಾವಾಗಿಯೇ ಬಂದರು. "ಒಂದು ಉಪಾಯ ಇದೆ. ಆದ್ರೆ ಆಮೇಲೆ ನನ್ನ ತಲೆ ಮೇಲೆ ಹಾಕ್ಬೇಡಿ" ಎಂದು ಪೀಠಿಕೆ ಹಾಕಿ, ಹೊಸ ಕಂಪ್ಯೂಟರಿಗೆ ಒಂದು ಪ್ಲಗಿನ್ ಸೇರಿಸಿಕೊಟ್ಟರು. ಅದು ಮಾಡುವ ಕೆಲಸ ವಿಚಿತ್ರವಾಗಿದೆ. ಇರುವ ಕಂಪ್ಯೂಟರಿನೊಳಗೆ ಇನ್ನೊಂದು ಹಗುರವಾದ ಕಂಪ್ಯೂಟರನ್ನು ಹುಟ್ಟಿಸುತ್ತದೆ. ಅದಕ್ಕೆ ಕೈಯಲ್ಲಿ ಮುಟ್ಟುವಂಥ ಮೈ ಇಲ್ಲ, ಪರದೆಯ ಮೇಲೆ ಒಂದು ಕಿಟಕಿ ಅಷ್ಟೆ. ಆದರೆ ಅದರೊಳಗೆ ಓಡುವ ಪ್ರೋಗ್ರಾಂ ತಾನು ನಿಜವಾದ ಕಂಪ್ಯೂಟರಿನಲ್ಲೇ ಇದ್ದೇನೆಂದು ತಿಳಿದುಕೊಂಡಿರುತ್ತದೆ. ವರ್ಚುವಲ್ ಮಷೀನ್ ಎನ್ನುತ್ತಾರಂತೆ. ನಾನು ಮರಿ ಎಂದು ಹೆಸರಿಟ್ಟೆ.

ಮರಿಯೊಳಗೆ ಹಳೆಯ ಕಾಲದ ವ್ಯವಸ್ಥೆಯನ್ನೇ ತುಂಬಬಹುದು. ಹಾಗೆ ತುಂಬಿದರೆ ಹಳೆಯ ಪ್ರೋಗ್ರಾಂ ಮತ್ತೆ ಎದ್ದು ಕೂರಬೇಕು.

"ಮರಿಗೆ ತಾನು ಒಳಗಿದ್ದೀನಿ ಅಂತ ಹೇಗಾದ್ರೂ ಗೊತ್ತಾಗುತ್ತಾ?" ಎಂದು ಕೇಳಿದೆ.

"ಇಂಥದ್ದೆಲ್ಲ ಕೇಳ್ಬೇಡಿ, ನಂಗೆ ರಾತ್ರಿ ನಿದ್ದೆ ಬರಲ್ಲ."

ಮರಿಯನ್ನು ತೆರೆದಾಗೆಲ್ಲ ಮೇಲೊಂದು ಹಳದಿ ಪಟ್ಟಿ ಬರುತ್ತದೆ: ಇದು ಇನ್ನೂ ಪ್ರಯೋಗದ ಹಂತದಲ್ಲಿದೆ, ಮುಖ್ಯ ಕೆಲಸಗಳಿಗೆ ನಂಬಬೇಡಿ. ಮಾವನ ಕಿವಿ ಮುಖ್ಯವೋ ಅಲ್ಲವೋ ಎಂದು ಅದಕ್ಕೇನು ಗೊತ್ತು.

ಜೂನ್ 6, ಶುಕ್ರವಾರ

ಇವತ್ತು ಗಿರಾಕಿಗಳು ಕಡಿಮೆ. ಇಡೀ ದಿನ ಮರಿಯ ಜೊತೆ ಆಟ.

ಇದರಲ್ಲೊಂದು 'ಹಿಂದಕ್ಕೆ' ಎಂಬ ಗುಂಡಿ ಇದೆ. ಮೊದಲು ಮರಿ ಹೇಗಿದೆಯೋ ಹಾಗೆ ಒಂದು ಗುರುತು ಹಾಕಿಟ್ಟುಕೊಳ್ಳಬೇಕು. ಆಮೇಲೆ ಏನು ಬೇಕಾದರೂ ಮಾಡಬಹುದು. ಗುಂಡಿ ಒತ್ತಿದರೆ ಸಾಕು, ಗುರುತು ಹಾಕಿದ ಸ್ಥಿತಿಗೆ ಮರಳಿ, ಏನೂ ಆಗೇ ಇಲ್ಲವೆಂಬಂತೆ ಕೂತಿರುತ್ತದೆ. ನಾನು ಬೇಕೆಂದೇ ಅದರ ಹೊಟ್ಟೆಯೊಳಗಿನ ಕಡತಗಳನ್ನೆಲ್ಲ ಅಳಿಸಿದೆ. ಪರದೆ ನೀಲಿಯಾಯಿತು, ಸತ್ತೇಹೋಯಿತು. ಹಿಂದಕ್ಕೆ! ಮತ್ತೆ ನಗುತ್ತ ಬಂತು. ದಿನಾಂಕವನ್ನು ನಾನು ಹುಟ್ಟುವ ಮೊದಲಿಗೆ ಒಯ್ದೆ. ಹಿಂದಕ್ಕೆ! ಸಂಜೆಯ ಹೊತ್ತಿಗೆ ನನಗೆ ಈ ಗುಂಡಿಯ ಹುಚ್ಚು ಹಿಡಿದಿತ್ತು. ಬಟ್ಟಲು ಕೈಜಾರಿ ಒಡೆದಾಗ, ಒಂದು ಕ್ಷಣ ಬೆರಳು ಅದನ್ನೇ ಹುಡುಕಿತು.

ಜೂನ್ 9, ಸೋಮವಾರ

ಹಳೆಯ ಪ್ರೋಗ್ರಾಮಿನ ಸಿಡಿ ಎಲ್ಲೂ ಸಿಗಲಿಲ್ಲ. ಕೊನೆಗೆ ಮಾವನ ಕಿವಿಯ ಹತ್ತಿರ ಬಾಯಿಟ್ಟು ಕೇಳಿದೆ. ಎರಡು ಸಲ ಕೇಳಿದ ಮೇಲೆ ಅರ್ಥವಾಯಿತು. ಎದ್ದು ಹೋಗಿ ಬೀರುವಿನ ಮೇಲಿನ ಅರೆಯಿಂದ ತಂದು ಕೊಟ್ಟರು. ಇಷ್ಟು ದಿನ ನಾನು ಹುಡುಕುವುದನ್ನು ನೋಡುತ್ತಲೇ ಇದ್ದರು! "ಕೇಳಿದ್ರೆ ಕೊಡ್ತಿದ್ದೆ" ಎಂದರು.

ಸಿಡಿ ಹಾಕಿದೆ. ಮರಿ ಅದನ್ನು ನುಂಗಿತು. ಹಳೆಯ ಪ್ರೋಗ್ರಾಮಿನ ಮೊದಲ ಚಿತ್ರ, ಹಸಿರು ಬಣ್ಣದ ದೊಡ್ಡ ಕಿವಿ, ಪುಟ್ಟ ಕಿಟಕಿಯಲ್ಲಿ ಮೂಡಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವರೂ ಬಗ್ಗಿ ನೋಡಿದರು.

"ಇದು ಹೇಗೆ ಬಂತು? ಆ ಡಬ್ಬಿ ಸತ್ತೋಯ್ತಲ್ಲ?"

"ಇದರೊಳಗೆ ಇನ್ನೊಂದು ಕಂಪ್ಯೂಟರ್ ಇದೆ ಮಾವ!"

"ಆಂ?"

"ಒಳಗೆ! ಇನ್ನೊಂದು!"

ಅವರು ಪರದೆಯ ಹಿಂಭಾಗಕ್ಕೆ ಹೋಗಿ ನೋಡಿಕೊಂಡು ಬಂದರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಮೊದಲ ದಿನ ನಾನೂ ಅದನ್ನೇ ಮಾಡಬೇಕೆಂದುಕೊಂಡಿದ್ದೆ.

ಜೂನ್ 11, ಬುಧವಾರ

ಪ್ರೋಗ್ರಾಂ ಇದೆ, ಏಡ್ ಇದೆ, ನಡುವಿನ ಕೇಬಲ್ ಪೆಟ್ಟಿಗೆ ಇದೆ. ಆದರೆ ಮರಿಗೆ ಪೆಟ್ಟಿಗೆ ಕಾಣುತ್ತಿಲ್ಲ. ಹೊರಗೆ ಒಂದು ಲೋಕವಿದೆ ಎಂಬುದೇ ಗೊತ್ತಿಲ್ಲ ಅದಕ್ಕೆ.

ಜೂನ್ 12, ಗುರುವಾರ

ಇವತ್ತೂ ಇಲ್ಲ. ತಲೆ ಚಿಟ್ಟು ಹಿಡಿಯಿತು.

ಜೂನ್ 14, ಶನಿವಾರ

ಕಂಡಿತು! ಮೇಡಂ ಒಂದು ಮೂಲೆಯಲ್ಲಿ ಅಡಗಿದ್ದ ಆಯ್ಕೆಯನ್ನು ಹುಡುಕಿ ತೆಗೆದರು. ಪೆಟ್ಟಿಗೆಯ ದೀಪ ಹಸಿರಾಯಿತು. ಹೊರಗಿನ ಪೆಟ್ಟಿಗೆ ಮರಿಗೆ ಕಾಣುತ್ತದೆ, ಮಾತಾಡಿಸಿದರೆ ಓಗೊಡುತ್ತದೆ.

ಸಂಜೆ ಮಾವನ ಶ್ರವಣ ಪರೀಕ್ಷೆ ಮಾಡಿದೆ. ಸಣ್ಣ, ಕೀರಲು ಸದ್ದುಗಳು ಈಗ ಹೆಚ್ಚೂಕಡಿಮೆ ಕೇಳಿಸುತ್ತಿಲ್ಲ. ಸೋಮವಾರ ಏಡ್ ಹೊಂದಿಸೋಣ ಎಂದೆ. ಅವರು ಏಡ್ ತೆಗೆದು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, ಮತ್ತೆ ಕಿವಿಗೆ ಹಾಕಿಕೊಂಡು ಹೇಳಿದರು.

"ಇದನ್ನ ನನ್ನ ಕಿವಿಗೆ ಕೂಡಿಸಿದ್ದು ನಿಮ್ಮತ್ತೆ. ಪುಸ್ತಕ ನೋಡ್ಕೊಂಡಲ್ಲ. ಎದುರಿಗೆ ಕೂತು, ಬಾಯಿಗೆ ಪೇಪರ್ ಅಡ್ಡ ಹಿಡ್ಕೊಂಡು ಓದ್ತಿದ್ಲು. ಕೇಳ್ತಾ, ಈಗ ಕೇಳ್ತಾ ಅಂತ. ಒಂದು ತಿಂಗಳು ಹೀಗೇ ಮಾಡಿ ಕೂಡಿಸಿದ್ಲು. ಆಮೇಲೆ ಯಾರೂ ಮುಟ್ಟಿಲ್ಲ."

ಅತ್ತೆಯ ಜೊತೆ ನಾನಿದ್ದದ್ದು ಒಂದೇ ವರ್ಷ. ಅವರು ಹೋದ ಮೇಲೆ ಈ ಮನೆಯಲ್ಲಿ ಅವರ ವಿಷಯ ಯಾರೂ ಎತ್ತುವುದಿಲ್ಲ.

"ಸರಿಹೋಗ್ದಿದ್ರೆ ಹಳೇದೇ ಬೇಕು ನಂಗೆ" ಎಂದರು.

"ಹೆದರ್ಬೇಡಿ ಮಾವ! ಏನಾದ್ರೂ ಆದ್ರೆ ಹಿಂದಕ್ಕೆ ತಂದುಬಿಡ್ತೀನಿ!"

ಜೂನ್ 16, ಸೋಮವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಎಲ್ಲಿ ತಪ್ಪಿದೆ ಎಂದು ನನಗಾದರೂ ಗೊತ್ತಾಗಲಿ.

ಮೊದಲು ಮರಿಗೆ ಗುರುತು ಹಾಕಿದೆ. ಆಮೇಲೆ ಏಡ್ ಜೋಡಿಸಿದೆ. ಅದರೊಳಗಿನ ಹೊಂದಾಣಿಕೆ ಪರದೆಯ ಮೇಲೆ ಕಂಬಗಳಾಗಿ ಬಂತು, ದಪ್ಪ ಸದ್ದಿನಿಂದ ಸಣ್ಣ ಸದ್ದಿನವರೆಗೆ ಒಂದೊಂದಕ್ಕೂ ಒಂದು ಕಂಬ: ಎಡಗಡೆ ಗಿಡ್ಡ, ನಡುವೆ ಒಂದು ಉಬ್ಬು, ಬಲಗಡೆ ಏರುತ್ತ ಹೋದದ್ದು. ನೋಡಿದೆ, ಅಷ್ಟೆ. ಬೇರೆ ಯಾವುದೇ ಗಿರಾಕಿಯಾಗಿದ್ದರೆ ಮೊದಲು ಅದರ ಪ್ರತಿ ತೆಗೆದು ಬೇರೆ ಕಡೆ ಇಡುತ್ತಿದ್ದೆ. ಈ ಕಸುಬಿನಲ್ಲಿ ಎಲ್ಲರೂ ಕಲಿಯುವ ಮೊದಲ ಪಾಠವೇ ಅದು. ಇವತ್ತು ಇಡಲಿಲ್ಲ. ಹಿಂದಕ್ಕೆ ಗುಂಡಿ ಇದೆಯಲ್ಲ ಎಂಬ ಧೈರ್ಯ.

ಹೊಸ ಪರೀಕ್ಷೆಯ ಪ್ರಕಾರ ಕಂಬಗಳನ್ನು ಏರಿಸಿ, ಏಡ್‌ಗೆ ಬರೆದೆ. ಮಾವ ಕಿವಿಗೆ ಹಾಕಿಕೊಂಡ ಕೂಡಲೇ ಏಡ್ ಕೀಚ್ ಎಂದು ಕೂಗಿತು. ಅವರು ಮುಖ ಕಿವುಚಿ ತೆಗೆದರು. "ಹಳೇದೇ ಹಾಕಮ್ಮ" ಎಂದರು. ನಾನು ನಗುತ್ತ ಹಿಂದಕ್ಕೆ ಒತ್ತಿದೆ.

ಮರಿ ಹಿಂದಕ್ಕೆ ಹೋಯಿತು. ಏಡ್ ಹೋಗಲಿಲ್ಲ. ಅದು ಹೊರಗಿನ ವಸ್ತು. ಮತ್ತೆ ಜೋಡಿಸಿ ಓದಿಸಿದರೆ ನಾನು ಬರೆದ ಹೊಸ ಕಂಬಗಳೇ ಬಂದವು. ಅಯ್ಯೋ ಎಂದು ಪ್ರೋಗ್ರಾಮಿನ ದಾಖಲೆ ತೆರೆದೆ. ಏಡ್ ಜೋಡಿಸಿದಾಗೆಲ್ಲ ಅದು ಮೊದಲಿದ್ದ ಹೊಂದಾಣಿಕೆಯನ್ನು ತಾನಾಗಿಯೇ ಬರೆದಿಟ್ಟುಕೊಳ್ಳುತ್ತದೆ. ಈಗಷ್ಟೇ ಓದಿಸಿದ್ದನ್ನು ಬಿಟ್ಟರೆ ಖಾಲಿ. ಆ ದಾಖಲೆ ಮರಿಯೊಳಗಿತ್ತು. ಅದನ್ನು ಅಳಿಸಿದ್ದು ನಾನೊತ್ತಿದ ಗುಂಡಿಯೇ. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಅತ್ತೆಯ ಹೊಂದಾಣಿಕೆ ಉಳಿಯುತ್ತಿತ್ತು.

ಮಾವ ಕೈ ಚಾಚಿಕೊಂಡೇ ಕಾಯುತ್ತಿದ್ದರು. "ನಾಳೆ ಕೊಡ್ತೀನಿ" ಎಂದು ಸನ್ನೆ ಮಾಡಿದೆ. ಸುಳ್ಳು ಹೇಳಿದೆ.

ಜೂನ್ 17, ಮಂಗಳವಾರ

ಮೇಡಂ ಮರಿಯ ಹೊಟ್ಟೆ ಬಗೆದು ನೋಡಿದರು. "ಹಿಂದಕ್ಕೆ ಹೋದ್ಮೇಲೆ ಮುಂದಿಂದು ಇಟ್ಕೊಳಲ್ಲ ಇದು. ಪ್ರಯೋಗದ್ದು ಅಂತ ಹಳದಿ ಪಟ್ಟೀಲಿ ಹೇಳ್ತಾನೇ ಇತ್ತಲ್ರೀ." ಹಳೆಯ ಕಂಪ್ಯೂಟರಿನ ಡಿಸ್ಕನ್ನೂ ಇನ್ನೊಮ್ಮೆ ನೋಡಿದರು. ಅದರಲ್ಲಿ ಏನೂ ಇಲ್ಲ.

ಮಾವ ದಿನವಿಡೀ ಏಡ್ ಇಲ್ಲದೆ ಕೂತಿದ್ದರು. ಬಾಗಿಲ ಹತ್ತಿರ ನಿಂತು ನಾನು ಏನೇನೋ ಹೇಳಿದೆ, ಅವರ ಬೆನ್ನಿಗೆ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಎಂಥ ಹೇಡಿ ನಾನು.

ಜೂನ್ 18, ಬುಧವಾರ

ಹೇಳಿದೆ. ಕೂಗಿ ಹೇಳುವ ವಿಷಯವಲ್ಲ, ಹಾಗಾಗಿ ಪೇಪರಿನ ಅಂಚಿನಲ್ಲಿ ಬರೆದು ಕೊಟ್ಟೆ: ಅತ್ತೆ ಕೂಡಿಸಿದ್ದು ಹೋಯಿತು, ಮತ್ತೆ ಸಿಗುವುದಿಲ್ಲ, ತಪ್ಪು ನನ್ನದೇ.

ಅವರು ಓದಿದರು. "ಎಲ್ಲಾನೂ?" ಎಂದು ಕೇಳಿದರು. ತಲೆಯಾಡಿಸಿದೆ.

ಎದ್ದು ಗೇಟಿನವರೆಗೆ ಹೋದರು. ನಾನೂ ಹಿಂದೆಯೇ ಹೋದೆ. ಗೇಟಿನ ಚಿಲಕ ಎತ್ತಿ ಕೆಳಗೆ ಬಿಟ್ಟರು. ಏಡ್ ಇಲ್ಲದೆ ಅವರಿಗೆ ಏನು ಕೇಳಿಸೀತು. "ಅವಳು ಸಂತೆಗೆ ಹೋಗಿ ಬಂದಾಗ ಈ ಚಿಲಕ ಹೇಗೆ ಕೇಳ್ತಿತ್ತೋ, ಇಷ್ಟು ದಿನ ಹಾಗೇ ಕೇಳ್ತಿತ್ತು. ಯಾರೇ ಬಂದ್ರೂ" ಎಂದರು. "ಹೊಸ ಮಷೀನ್‌ನಲ್ಲಿ ಬೇರೆ ಯಾರ್ದೋ ಮನೆ ಗೇಟ್ ತೆಗೆದ ಹಾಗಾಗುತ್ತೆ. ಅದಕ್ಕೇ ಬೇಡ ಅಂದಿದ್ದು."

ಇಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಬಂದು ಅತ್ತುಬಿಟ್ಟೆ. ಮತ್ತೆ ಕಣ್ಣೊರೆಸಿಕೊಂಡು ಕೇಳಿದೆ, ಅಂದರೆ ಬರೆದು ತೋರಿಸಿದೆ: ನಾವಿಬ್ಬರೂ ಕೂತು ಮತ್ತೆ ಕೂಡಿಸೋಣವೇ? ಅವರು ಕೇಬಲ್ ಪೆಟ್ಟಿಗೆಯ ಪಕ್ಕದಲ್ಲಿದ್ದ ಏಡ್ ಎತ್ತಿ ನನ್ನ ಕೈಗಿಟ್ಟು ಹೋದರು.

ಜೂನ್ 21, ಶನಿವಾರ

ಕಂಡ ಕಂಬಗಳ ನೆನಪಿನಿಂದ ಶುರು ಮಾಡಿದೆ. ಕೀಚ್ ಎನ್ನುವುದು ನಿಂತಿದೆ. ಈಗ ಮಾವ ಅಂಗಡಿಯಲ್ಲಿ ಏಡ್ ಹಾಕಿಕೊಂಡು, ಕೇಬಲ್ ಕಟ್ಟಿಸಿಕೊಂಡು ಕೂರುತ್ತಾರೆ. ನಾನು ಓಡಿ ಹೋಗಿ ಗೇಟಿನ ಚಿಲಕ ಬಡಿದು, ಓಡಿ ಬಂದು ಮುಖ ನೋಡುತ್ತೇನೆ.

"ಇದಲ್ಲ."

ಒಂದು ಕಂಬ ಇಳಿಸುತ್ತೇನೆ. ಮತ್ತೆ ಓಟ.

"ಇದು ಕಬ್ಬಿಣ. ನಮ್ಮದು ಸ್ವಲ್ಪ ಮರದ ಹಾಗೆ ಕೇಳ್ತಿತ್ತು."

ಇದೇ ರೀತಿ ನಲ್ಲಿ, ಕುಕ್ಕರ್, ಹಿತ್ತಲ ಬಾಗಿಲು. ಒಂದು ಸದ್ದನ್ನು ಒಬ್ಬರು ಇಷ್ಟು ನುಣ್ಣಗೆ ನೆನಪಿಟ್ಟುಕೊಂಡಿರಲು ಸಾಧ್ಯ ಎಂದು ನನಗೆ ಗೊತ್ತೇ ಇರಲಿಲ್ಲ. ಬಕೆಟ್ ಮುಕ್ಕಾಲು ತುಂಬಿದಾಗ ನಲ್ಲಿಯ ಸದ್ದು ಬದಲಾಗುತ್ತದಂತೆ. ಹೋಗಿ ಕೇಳಿದೆ. ನಿಜ! ಇನ್ನೂ ಏನೇನು ಕೇಳಿಸುತ್ತಿತ್ತು ಎಂದು ಕೆದಕಿ ಕೆದಕಿ ಕೇಳಿದೆ. ಅತ್ತೆ ತಾಟು ಇಡುವ ಸದ್ದಿನಲ್ಲೇ ಅವತ್ತಿನ ಮೂಡ್ ಗೊತ್ತಾಗುತ್ತಿತ್ತಂತೆ.

ಎದುರು ಮನೆಯಾಕೆ ಕಿಟಕಿಯಿಂದ ಕೇಳಿದರು, "ಒಳಗೆ ಬರ್ತೀರೋ, ಹೊರಗೆ ಹೋಗ್ತೀರೋ, ಒಂದು ತೀರ್ಮಾನ ಮಾಡ್ರೀ!"

ಜೂನ್ 24, ಮಂಗಳವಾರ

ನಾಲ್ಕನೆಯ ದಿನವೂ ಇದಲ್ಲ, ಇದಲ್ಲ. ಹತ್ತಿರ ಬರುತ್ತದೆ, ಜಾರಿ ಹೋಗುತ್ತದೆ. ಗೇಟಿನಿಂದ ಏದುಸಿರು ಬಿಡುತ್ತ ಬಂದಾಗ ಮಾವ ಕೈ ಎತ್ತಿ ನಿಲ್ಲಿಸಿದರು.

"ಸಾಕು ಬಿಡಮ್ಮ. ಅದು ಬರಲ್ಲ. ನಂಗೆ ಗೊತ್ತಿತ್ತು."

"ಗೊತ್ತಿದ್ದೂ ನನ್ನ ಓಡಿಸಿದ್ರಾ!"

"ನೀನು ಓಡ್ತಿದ್ದೆ. ನಾನೇನು ಹೇಳ್ಲಿ." ಪೇಪರನ್ನು ನನ್ನ ಕಡೆ ತಳ್ಳಿ, "ಇನ್ನು ಮನೇಲಿ ಇರೋರ ಮಾತು ಕೇಳಿದ್ರೆ ಸಾಕು. ಪೇಪರ್ ತಗೊಂಡು ಕೂತ್ಕೋ. ಓದು" ಎಂದರು.

ಬಾಯಿಗೆ ಪೇಪರ್ ಅಡ್ಡ ಹಿಡಿದು ಓದತೊಡಗಿದೆ. ಬಸ್ ಪಲ್ಟಿ, ಈರುಳ್ಳಿ ದರ, ಯಾವುದೋ ಸೇತುವೆಯ ಉದ್ಘಾಟನೆ ಮುಂದಕ್ಕೆ. ನಡುನಡುವೆ ಕಂಬ ಏರಿಸುವುದು, ಇಳಿಸುವುದು.

"ಪದದ ಕೊನೆ ಕೇಳಲ್ಲ" ಎಂದರು. ಸಣ್ಣ ಸದ್ದಿನ ಕಂಬ ಏರಿಸಿದೆ. "ಈಗಲೂ ಇಲ್ಲ." ಮತ್ತೆ ಏರಿಸಿದೆ. "ಇಲ್ಲ. ಮಷೀನಲ್ಲ, ನೀನೇ ನುಂಗ್ತೀಯ." ಒಪ್ಪಲಿಲ್ಲ ನಾನು. ಮಹಡಿಯ ಮೇಡಂ ಅವರನ್ನು ಕರೆದು ಓದಿಸಿದೆ. ಪದದ ಕೊನೆ ಚೆನ್ನಾಗಿಯೇ ಕೇಳಿಸಿತು. ನುಂಗುತ್ತಿದ್ದದ್ದು ನಾನೇ! ಇಷ್ಟು ವರ್ಷ ಯಾರೂ ಹೇಳಿರಲಿಲ್ಲ.

ಸಂಜೆ ಮಾವ "ಇಲ್ಲೇ ಬಿಡು" ಎಂದರು. ಏಡ್‌ಗೆ ಬರೆಯುವ ಮೊದಲು ಪ್ರತಿ ತೆಗೆದೆ: ಒಂದು ಮರಿಯಲ್ಲಿ, ಒಂದು ಹೊರಗೆ, ಒಂದು ಮೇಡಂ ಹತ್ತಿರ.

ಜೂನ್ 27, ಶುಕ್ರವಾರ

ಮರಿ ಹೇಗಿದೆ ಎಂದು ಮೇಡಂ ವಿಚಾರಿಸಿದರು. ಪ್ಲಗಿನ್‌ನ ಹೊಸ ಆವೃತ್ತಿ ಬಂದಿದೆಯಂತೆ. ನಾನು ಮರಿಯನ್ನು ತೆರೆದೇ ಇರಲಿಲ್ಲ. ಯಾವ ಕೋಣೆಯಿಂದ ಎಷ್ಟು ಮೆಲ್ಲಗೆ ಕರೆದರೆ ಮಾವನಿಗೆ ಕೇಳಿಸುತ್ತದೆ ಎಂದು ನೋಡುವುದರಲ್ಲೇ ದಿನ ಹೋಯಿತು. ಹಿತ್ತಲಿನಿಂದ ಕೇಳಿಸುವುದಿಲ್ಲ. ಮೆಟ್ಟಿಲ ತಿರುವಿನಿಂದ ಕೇಳಿಸುತ್ತದೆ, ಏಕೋ ಗೊತ್ತಿಲ್ಲ.

ಅವರ ಹಳೆಯ ಗಿರಾಕಿಯೊಬ್ಬರು ಬಂದಿದ್ದರು. ಮಾವ ಅಂಗಡಿಯಲ್ಲಿ ಕೂತು ಅವರೊಡನೆ ಮಧ್ಯಾಹ್ನದವರೆಗೆ ಹರಟೆ ಹೊಡೆದರು. ಗೇಟು ತೆರೆದ ಸದ್ದಾದಾಗೊಮ್ಮೆ ಕತ್ತೆತ್ತಿ ನೋಡುತ್ತಾರೆ. ಯಾರೆಂದು ನೋಡಿ ಮತ್ತೆ ಮಾತಿಗೆ ಮರಳುತ್ತಾರೆ.

ಜೂನ್ 29, ಭಾನುವಾರ

ಇವತ್ತು ನನ್ನ ಗಂಡ ಮನೆಯಲ್ಲಿದ್ದರು. ಊಟ ಮಾಡಿ ಮಲಗಿಬಿಟ್ಟರು. ನಾನು ಅಡುಗೆಮನೆಯಲ್ಲಿ ಸಂಜೆಗೆ ತರಕಾರಿ ಹೆಚ್ಚುತ್ತಿದ್ದೆ. ಪಡಸಾಲೆಯಲ್ಲಿ ಮಾವ ಬಲ್ಬು ಬದಲಿಸಲು ಸ್ಟೂಲ್ ಎಳೆದುಕೊಳ್ಳುತ್ತಿದ್ದರು. ಬೇಡ, ಮಗ ಎದ್ದ ಮೇಲೆ ಹಾಕುತ್ತಾರೆ ಎಂದು ಮೂರು ಸಲ ಹೇಳಿದ್ದೆ. ಮತ್ತೆ ಸ್ಟೂಲಿನ ಸದ್ದು. ನಾನು ತಿರುಗಿಯೂ ನೋಡದೆ, ಹಲಗೆಯ ಮೇಲೆ ಬಗ್ಗಿಕೊಂಡೇ ಗೊಣಗಿದೆ: "ಹಠಮಾರಿ ಮುದುಕ. ಬಿದ್ದು ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋಳು ನಾನೇ ತಾನೇ." ವರ್ಷಗಳ ಅಭ್ಯಾಸ. ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಇದಕ್ಕಿಂತ ಕಟುವಾದದ್ದನ್ನೂ ಅಂದಿದ್ದೇನೆ.

"ಕೇಳ್ತು" ಎಂದರು ಪಡಸಾಲೆಯಿಂದ.

ಚಾಕು ಕೈಯಲ್ಲೇ ನಿಂತಿತು. "ಎಷ್ಟು ಕೇಳ್ತು?"

"ಮುದುಕ ಅನ್ನೋದು ಚೆನ್ನಾಗಿ ಕೇಳ್ತು. ಅದರ ಕೊನೆ ನೀನು ನುಂಗ್ಲಿಲ್ಲ."

ನೆಲ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಮ್ಮತ್ತೆನೂ ಅಲ್ಲೇ ನಿಂತು ಹೀಗೇ ಗೊಣಗ್ತಿದ್ಲು. ನಂಗೆ ಕೇಳ್ಸಲ್ಲ ಅಂತ ಅವಳ ನಂಬಿಕೆ."

"ನಿಮಗೆ ಕೇಳ್ತಿತ್ತಾ?"

"ಒಂದೂ ಬಿಡದ ಹಾಗೆ." ನಕ್ಕರು. "ಹೇಳಿದ್ರೆ ನಿಲ್ಲಿಸಿಬಿಡ್ತಾಳೆ ಅಂತ ಕೊನೆವರೆಗೂ ಹೇಳ್ಲಿಲ್ಲ."

"ನಿಂಗೂ ಹೇಳ್ಬಾರ್ದಿತ್ತು" ಎಂದು ತಮಗೆ ತಾವೇ ಹೇಳಿಕೊಂಡಂತೆ ಹೇಳಿ, ಪಡಸಾಲೆಗೆ ಹೋಗಿ ಕುರ್ಚಿಯಲ್ಲಿ ಕೂತರು.

ನಾನು ಹಲಗೆಯ ಕಡೆ ತಿರುಗಿ ಮತ್ತೆ ಹೆಚ್ಚುತ್ತ, ಎಂದಿನಷ್ಟೇ ಮೆಲ್ಲಗೆ, ಸ್ಟೂಲಿನ ವಿಷಯವನ್ನು ಮೊದಲಿನಿಂದ ಗೊಣಗತೊಡಗಿದೆ.